ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಸ್ಮರಣೀಯ ಆಟಗಾರರು: ಒಂದು ಅಧ್ಯಯನ

ಪೀಠಿಕೆ

ಶಾಲೆಗಳಲ್ಲಿ ಪಾಠದೊಡನೆ ಆಟಕ್ಕೂ ಸ್ಥಾನ ದೊರೆತು ಬಹುಕಾಲವಾಯಿತು. ಕ್ರೀಡೆಯಿಂದ ದೇಹ ದೃಢವಾಗುತ್ತದೆ, ಶಿಸ್ತು ಬೆಳೆಯುತ್ತದೆ, ಸೋಲುಗೆಲುವುಗಳನ್ನು ಸಮಚಿತ್ತದಿಂದ ಸ್ವೀಕರಿಸುವ ಮನೋಧರ್ಮ ಮೂಡುತ್ತದೆ ಎಂಬುದು ಶಿಕ್ಷಣವೇತ್ತರೆಲ್ಲರೂ ಒಪ್ಪಿದ ಮಾತು. ಕ್ರೀಡೆಯ ಚರಿತ್ರೆಯಿಂದ ಕಲಿಯಬೇಕಾದ ಪಾಠ ಇನ್ನೊಂದಿದೆ. ಮೈದಾನದೊಳಕ್ಕೆ ಯಾರನ್ನು ಬರಗೊಡಲಾಯಿತು, ಯಾರನ್ನು ಹೊರಗೆ ನಿಲ್ಲಿಸಲಾಯಿತು, ಒಳಗೆ ಬಂದವರು ತಮಗೆ ದೊರೆತ ಅವಕಾಶವನ್ನೂ ಕೀರ್ತಿಯನ್ನೂ ಯಾವುದಕ್ಕೆ ವಿನಿಯೋಗಿಸಿದರು ಎಂಬುದೇ ಆ ಪಾಠ. ಅಮೆರಿಕ ಸಂಯುಕ್ತ ಸಂಸ್ಥಾನದ ಹಳೆಯ ವೃತ್ತಿಪರ ಬೇಸ್‌ಬಾಲ್ ತಂಡಗಳಲ್ಲೊಂದಾದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಕೆಲವು ಆಟಗಾರರ ಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಟದ ಸ್ವರೂಪ

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ತೀರ ಅಪರಿಚಿತವೆನಿಸದು. ಎರಡು ಪಕ್ಷಗಳು, ಪಕ್ಷಕ್ಕೆ ಒಂಬತ್ತು ಜನ ಆಟಗಾರರು, ಒಂಬತ್ತು ಸರದಿಗಳು. ಮೈದಾನದ ಒಂದು ಮೂಲೆಯಲ್ಲಿ ವಜ್ರಾಕೃತಿಯಲ್ಲಿ ನಾಲ್ಕು ನೆಲೆಗಳಿರುತ್ತವೆ. ಒಂದು ನೆಲೆಯಿಂದ ಮತ್ತೊಂದಕ್ಕೆ 90 ಅಡಿ ಅಂತರ. ಎಸೆತಗಾರನು ಸುಮಾರು ಅರುವತ್ತು ಅಡಿ ದೂರದಿಂದ ಚೆಂಡನ್ನು ನೆಲಕ್ಕೆ ತಾಗಿಸದೆ ನೇರವಾಗಿ ಎಸೆಯುತ್ತಾನೆ. ದಾಂಡಿಗನು ಅದನ್ನು ದುಂಡನೆಯ ದಾಂಡಿನಿಂದ ಹೊಡೆದು ನೆಲೆಯಿಂದ ನೆಲೆಗೆ ಓಡಬೇಕು. ನಾಲ್ಕು ನೆಲೆಗಳನ್ನೂ ಸುತ್ತಿ ಹೊರಟಲ್ಲಿಗೆ ಮರಳಿದರೆ ಒಂದು ಓಟ. ಚೆಂಡು ಮೈದಾನದ ಬೇಲಿಯನ್ನೇ ದಾಟಿ ಹೋದರೆ ದಾಂಡಿಗನು ನಿರಾತಂಕವಾಗಿ ಸುತ್ತಿ ಬರಬಹುದು. ಅದಕ್ಕೆ ಹೋಮ್ ರನ್ ಎಂದು ಹೆಸರು. ಮೂವರು ಔಟಾದೊಡನೆ ಸರದಿ ಎದುರುಪಕ್ಷಕ್ಕೆ ಹೋಗುತ್ತದೆ.

ದಾಂಡಿಗನು ಚೆಂಡನ್ನು ಹೊಡೆದು ಸುರಕ್ಷಿತವಾಗಿ ನೆಲೆ ಸೇರಿದರೆ ಅದನ್ನು ಒಂದು ಹಿಟ್ ಎಂದು ಎಣಿಸುತ್ತಾರೆ. ಹತ್ತು ಸಲ ಪ್ರಯತ್ನಿಸಿ ಮೂರು ಸಲ ಹಿಟ್ ಪಡೆದವನ ಸರಾಸರಿ 0.300, ಅಂಥವನು ಉತ್ತಮ ದಾಂಡಿಗನೆನಿಸುತ್ತಾನೆ. ಹತ್ತರಲ್ಲಿ ಏಳು ಸಲ ವಿಫಲನಾಗುವವನನ್ನೇ ಶ್ರೇಷ್ಠನೆಂದು ಗೌರವಿಸುವ ಆಟವಿದು. ಅಮೆರಿಕದಲ್ಲಿ ನ್ಯಾಷನಲ್ ಲೀಗ್, ಅಮೆರಿಕನ್ ಲೀಗ್ ಎಂಬ ಎರಡು ಪ್ರಧಾನ ಲೀಗುಗಳಿದ್ದು, ಅವುಗಳ ವಿಜೇತರು ವರ್ಷದ ಕೊನೆಯಲ್ಲಿ ವರ್ಲ್ಡ್ ಸೀರೀಸ್ ಎಂಬ ಪಂದ್ಯಮಾಲೆಯಲ್ಲಿ ಎದುರಾಗುತ್ತಾರೆ.

ಉಕ್ಕಿನ ನಗರ ಮತ್ತು ಅದರ ತಂಡ

ಪೆನ್ಸಿಲ್ವೇನಿಯಾ ಪ್ರಾಂತ್ಯದಲ್ಲಿ ಅಲೆಗೇನಿ ಮತ್ತು ಮೊನಾಂಗಹೀಲಾ ಎಂಬ ಎರಡು ನದಿಗಳು ಕೂಡಿ ಒಹೈಯೋ ನದಿಯಾಗುವ ಸಂಗಮಸ್ಥಾನದಲ್ಲಿ ಪಿಟ್ಸ್‌ಬರ್ಗ್ ನಗರವಿದೆ. ಸುತ್ತಲೂ ಕಲ್ಲಿದ್ದಲ ಗಣಿಗಳು, ನದೀತೀರದಲ್ಲಿ ಉಕ್ಕಿನ ಕಾರ್ಖಾನೆಗಳು. ಯೂರೋಪಿನ ಬಡದೇಶಗಳಿಂದಲೂ ಅಮೆರಿಕದ ದಕ್ಷಿಣ ಪ್ರಾಂತ್ಯಗಳಿಂದಲೂ ಸಾವಿರಾರು ಶ್ರಮಜೀವಿಗಳು ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದು ನೆಲಸಿದರು. ದಿನವಿಡೀ ಕುಲುಮೆಯ ಮುಂದೆ ದುಡಿದವರಿಗೆ ಬೇಸ್‌ಬಾಲ್ ಆಟವೇ ಮುಖ್ಯ ವಿನೋದವಾಗಿತ್ತು.

1880ರ ದಶಕದ ಆರಂಭದಲ್ಲಿ ಸ್ಥಾಪಿತವಾದ ಈ ತಂಡವು 1887ರಲ್ಲಿ ನ್ಯಾಷನಲ್ ಲೀಗನ್ನು ಸೇರಿತು. ಪೈರೇಟ್ಸ್ ಎಂದರೆ ಕಡಲುಗಳ್ಳರು. ಹಿಂದೆ ಫಿಲಡೆಲ್ಫಿಯಾದ ತಂಡವೊಂದರಲ್ಲಿ ಆಡುತ್ತಿದ್ದ ಲೂ ಬಿಯರ್‌ಬಾವರ್ ಎಂಬ ಆಟಗಾರನನ್ನು ಪಿಟ್ಸ್‌ಬರ್ಗ್ ತಂಡವು 1891ರಲ್ಲಿ ತನ್ನ ಕಡೆಗೆ ಸೆಳೆದುಕೊಂಡಾಗ, ಇದು ಕಡಲುಗಳ್ಳತನವೆಂದು ಎದುರಾಳಿಗಳು ನಿಂದಿಸಿದರು. ನಿಂದೆಯ ಮಾತನ್ನೇ ತಂಡವು ಹೆಸರಾಗಿ ಧರಿಸಿತು.

1900ರಲ್ಲಿ ಬಾರ್ನಿ ಡ್ರೈಫಸ್ ಎಂಬುವರು ತಂಡದ ಒಡೆತನಕ್ಕೆ ಬಂದರು. ಜರ್ಮನಿಯಿಂದ ತರುಣಾವಸ್ಥೆಯಲ್ಲಿ ವಲಸೆ ಬಂದು, ಕೆಂಟಕಿ ಪ್ರಾಂತ್ಯದಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿ ಮೇಲೆ ಬಂದವರು ಇವರು. ತಾವು ನಡೆಸುತ್ತಿದ್ದ ಲೂಯಿವಿಲ್ ನಗರದ ತಂಡದ ಉತ್ತಮ ಆಟಗಾರರನ್ನು ಪಿಟ್ಸ್‌ಬರ್ಗಿಗೆ ಕರೆತಂದರು. ಪರಿಣಾಮವಾಗಿ 1901, 1902, 1903 ಈ ಮೂರು ವರ್ಷಗಳೂ ಲೀಗಿನ ವಿಜಯ ಇವರದಾಯಿತು. 1903ರಲ್ಲಿ ನಡೆದ ಪ್ರಥಮ ವರ್ಲ್ಡ್ ಸೀರೀಸಿನಲ್ಲಿ ಪೈರೇಟ್ಸ್ ಬೋಸ್ಟನ್ ತಂಡಕ್ಕೆ ಸೋತಿತು. ಇತರ ಎಸೆತಗಾರರು ಗಾಯ ಮತ್ತು ಅನಾರೋಗ್ಯಗಳಿಂದ ಕಂಗೆಟ್ಟಿದ್ದುದರಿಂದ ಡೀಕನ್ ಫಿಲಿಪ್ ಎಂಬ ಒಬ್ಬನೇ ಎಂಟು ಪಂದ್ಯಗಳಲ್ಲಿ ಐದನ್ನು ಆದ್ಯಂತವಾಗಿ ಎಸೆದು ಮೂರನ್ನು ಗೆದ್ದುಕೊಟ್ಟನು. ಪಂದ್ಯಗಳಿಂದ ಒಡೆಯನಾಗಿ ತಮಗೆ ಬರಬೇಕಾಗಿದ್ದ ಪಾಲನ್ನು ಡ್ರೈಫಸ್ ಆಟಗಾರರಿಗೇ ಹಂಚಿದ್ದರಿಂದ ಗೆದ್ದವರಿಗಿಂತ ಸೋತವರ ಕೈಗೆ ಹೆಚ್ಚು ಹಣ ಬಂದಿತು. ದುಡಿದವರಿಗೆ ದುಡಿಮೆಯ ಫಲ ಸಲ್ಲಬೇಕೆಂಬ ಈ ನಡತೆ ತಂಡದ ಆದಿಕಾಲದ ಉಜ್ಜ್ವಲ ಪ್ರಸಂಗಗಳಲ್ಲೊಂದು.

ಗಣಿಯಿಂದ ಬಂದ ಹೋನಸ್ ವ್ಯಾಗ್ನರ್

ಲೂಯಿವಿಲ್‌ನಿಂದ ಬಂದವರಲ್ಲಿ ಅಗ್ರಗಣ್ಯನಾದವನು ಹೋನಸ್ ವ್ಯಾಗ್ನರ್. 1874ರ ಫೆಬ್ರವರಿ 24ರಂದು ಪಿಟ್ಸ್‌ಬರ್ಗಿನ ಸಮೀಪದಲ್ಲಿಯೇ ಜರ್ಮನ್ ವಲಸೆಗಾರರ ಮನೆಯಲ್ಲಿ ಜನಿಸಿದ ಈತನು ಹನ್ನೆರಡನೆಯ ವಯಸ್ಸಿಗೆ ಶಾಲೆ ಬಿಟ್ಟು ತಂದೆ ಮತ್ತು ಅಣ್ಣಂದಿರೊಡನೆ ಕಲ್ಲಿದ್ದಲ ಗಣಿಗೆ ಇಳಿದನು. ಡೊಂಕು ಕಾಲು, ಅಗಲವಾದ ಎದೆ, ನೀಳವಾದ ತೋಳು. ನೋಡಿದವರಿಗೆ ಇವನು ಓಡಬಲ್ಲನೆಂದು ತೋರುತ್ತಿರಲಿಲ್ಲ. ಆದರೂ ಎದುರಾಳಿಗಳ ಕಣ್ಣು ತಪ್ಪಿಸಿ ಒಂದು ನೆಲೆಯಿಂದ ಇನ್ನೊಂದಕ್ಕೆ ಓಡಿಹೋಗುವ ಚಾತುರ್ಯದಲ್ಲಿ ಈತನು ಏಳುನೂರಕ್ಕೂ ಹೆಚ್ಚು ಸಲ ಯಶಸ್ವಿಯಾದನು. ಎಂಟು ವರ್ಷ ಲೀಗಿನ ಸರ್ವಶ್ರೇಷ್ಠ ದಾಂಡಿಗನೆನಿಸಿದನು. ಎರಡನೆಯ ಮತ್ತು ಮೂರನೆಯ ನೆಲೆಗಳ ನಡುವೆ ನಿಂತು ಚೆಂಡು ತಡೆಯುವ ಶಾರ್ಟ್‌ಸ್ಟಾಪ್ ಸ್ಥಾನದಲ್ಲಿ ಈತನನ್ನು ಮೀರಿಸಿದವರಿಲ್ಲವೆಂದು ಬಲ್ಲವರು ಇಂದಿಗೂ ಹೇಳುತ್ತಾರೆ.

1903ರ ವರ್ಲ್ಡ್ ಸೀರೀಸಿನಲ್ಲಿ ವ್ಯಾಗ್ನರನ ಆಟ ಕಳೆಗುಂದಿತ್ತು. ಆರು ವರ್ಷಗಳ ಅನಂತರ ಅದಕ್ಕೆ ಪ್ರಾಯಶ್ಚಿತ್ತದ ಅವಕಾಶ ಒದಗಿತು. 1909ರಲ್ಲಿ ಡ್ರೈಫಸ್ ಕಟ್ಟಿಸಿದ ಫೋರ್ಬ್ಸ್ ಫೀಲ್ಡ್ ಎಂಬ ಭವ್ಯ ಕ್ರೀಡಾಂಗಣ ಪ್ರಾರಂಭವಾಯಿತು. ಅದೇ ವರ್ಷದ ವರ್ಲ್ಡ್ ಸೀರೀಸಿನಲ್ಲಿ ಡೆಟ್ರಾಯಿಟ್ ತಂಡದ ಪ್ರಚಂಡ ದಾಂಡಿಗ ಟೈ ಕಾಬ್ ಎದುರಾದನು. ಕಾಬ್‌ನ ಸರಾಸರಿ 0.231ಕ್ಕೆ ಕುಗ್ಗಿದರೆ, ಮೂವತ್ತೈದು ವರ್ಷದ ವ್ಯಾಗ್ನರ್ 0.333 ಸರಾಸರಿ ಪಡೆದು ತಂಡಕ್ಕೆ ಮೊದಲ ವಿಶ್ವವಿಜಯವನ್ನು ದೊರಕಿಸಿದನು. 1936ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರಕ್ಕೆ ಮೊಟ್ಟಮೊದಲು ಐವರನ್ನು ಆರಿಸಿದಾಗ ಅವರಲ್ಲಿ ವ್ಯಾಗ್ನರನೂ ಒಬ್ಬನಾಗಿದ್ದನು.

ಈತನ ಹೆಸರು ಇಂದು ಆಟವನ್ನರಿಯದವರ ಕಿವಿಗೂ ಬೀಳುವುದು ಒಂದು ಸಣ್ಣ ಕಾಗದದ ಚಿತ್ರದಿಂದ. 1909ರಿಂದ 1911ರವರೆಗೆ ಒಂದು ತಂಬಾಕು ಕಂಪನಿಯು ಸಿಗರೇಟು ಪೊಟ್ಟಣಗಳಲ್ಲಿ ಆಟಗಾರರ ಚಿತ್ರಪಟಗಳನ್ನಿಟ್ಟು ಮಾರುತ್ತಿತ್ತು. ವ್ಯಾಗ್ನರನು ತನ್ನ ಚಿತ್ರವನ್ನು ಬಳಸಲು ಒಪ್ಪಲಿಲ್ಲ. ಮುದ್ರಣ ಅಲ್ಲಿಗೇ ನಿಂತಿತು. ಮಕ್ಕಳು ಚಿತ್ರದಾಸೆಗೆ ತಂಬಾಕು ಕೊಳ್ಳಬಾರದೆಂಬುದು ಆತನ ಇಚ್ಛೆಯಾಗಿತ್ತೆಂದು ಬಹುಜನರ ನಂಬಿಕೆ. ತಕ್ಕ ಹಣ ದೊರೆಯದ್ದೇ ಕಾರಣವೆಂದು ವಾದಿಸುವವರೂ ಇದ್ದಾರೆ. ಸ್ವತಃ ತಂಬಾಕು ಅಗಿಯುವ ಅಭ್ಯಾಸವಿದ್ದವನು ಈತನೆಂಬುದನ್ನೂ ಮರೆಯುವಂತಿಲ್ಲ. ತನಗಿದ್ದ ದುರಭ್ಯಾಸವು ಮಕ್ಕಳಿಗೆ ಹರಡಬಾರದೆಂದು ಹಿರಿಯನೊಬ್ಬನು ಬಯಸುವುದು ಅಸಂಭವವೇನೂ ಅಲ್ಲ. ಉಳಿದಿರುವ ಕೆಲವೇ ಪ್ರತಿಗಳಲ್ಲಿ ಒಂದು 2022ರಲ್ಲಿ ಎಪ್ಪತ್ತೆರಡೂವರೆ ಲಕ್ಷ ಡಾಲರಿಗೆ ಮಾರಾಟವಾಯಿತು. ಆಟದಿಂದ ನಿವೃತ್ತನಾದ ಮೇಲೆ ವ್ಯಾಗ್ನರನು 1933ರಿಂದ ಸುಮಾರು ಎರಡು ದಶಕ ಅದೇ ತಂಡದ ಕಿರಿಯರಿಗೆ ತರಬೇತಿ ನೀಡಿದನು.

ವ್ಯಾಗ್ನರನ ತರುವಾಯ 1925ರಲ್ಲಿ ತಂಡವು ಎರಡನೆಯ ಬಾರಿ ವಿಶ್ವವಿಜಯ ಗಳಿಸಿತು. ಮೂರನೆಯ ನೆಲೆಯನ್ನು ಕಾದ ಪೈ ಟ್ರೇನರ್, ಒಕ್ಲಹೋಮಾದಿಂದ ಬಂದ ಪಾಲ್ ವೇನರ್ ಮತ್ತು ಲಾಯ್ಡ್ ವೇನರ್ ಎಂಬ ಸಹೋದರರು ಆ ಕಾಲದಲ್ಲಿ ಕೀರ್ತಿ ಪಡೆದರು. ವೇನರ್ ಸಹೋದರರು ತಮ್ಮ ವೃತ್ತಿಜೀವನದಲ್ಲಿ ಪಡೆದ ಹಿಟ್‌ಗಳ ಒಟ್ಟು ಸಂಖ್ಯೆ 5,611.

ಮುಚ್ಚಿದ ಬಾಗಿಲು: ಜಾಶ್ ಗಿಬ್ಸನ್

ಈ ವೈಭವದ ಮರೆಯಲ್ಲಿ ಒಂದು ಮಹಾ ಅನ್ಯಾಯವಡಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 1947ರವರೆಗೆ ಕಪ್ಪು ಜನಾಂಗದ ಒಬ್ಬನಿಗೂ ಪ್ರಧಾನ ಲೀಗುಗಳಲ್ಲಿ ಪ್ರವೇಶವಿರಲಿಲ್ಲ. ಬರೆದಿಟ್ಟ ನಿಯಮ ಯಾವುದೂ ಇಲ್ಲದಿದ್ದರೂ ಒಡೆಯರೆಲ್ಲರೂ ಪಾಲಿಸಿದ ಕಟ್ಟಳೆ ಅದು. ಹೀಗೆ ಹೊರಗಿಡಲ್ಪಟ್ಟವರು ನೀಗ್ರೋ ಲೀಗುಗಳೆಂಬ ತಮ್ಮದೇ ಪಂದ್ಯಾವಳಿಗಳನ್ನು ಕಟ್ಟಿಕೊಂಡರು. ಅವುಗಳ ಅತ್ಯಂತ ಬಲಿಷ್ಠ ತಂಡಗಳಲ್ಲಿ ಎರಡು ಪಿಟ್ಸ್‌ಬರ್ಗಿನವೇ ಆಗಿದ್ದವು: ಒಂದು ಹೋಮ್‌ಸ್ಟೆಡ್ ಗ್ರೇಸ್, ಇನ್ನೊಂದು ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್.

ಈ ಎರಡೂ ತಂಡಗಳಲ್ಲಿ ಆಡಿದವನು ಜಾಶ್ ಗಿಬ್ಸನ್. 1911ರಲ್ಲಿ ಜಾರ್ಜಿಯಾದಲ್ಲಿ ಜನಿಸಿದವನು. ತಂದೆ ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ಸಂಸಾರವನ್ನು ಪಿಟ್ಸ್‌ಬರ್ಗಿಗೆ ತಂದನು. ಗಿಬ್ಸನ್ನನು ಎಸೆತಗಾರನ ಎದುರು ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಆಗಿದ್ದನು. ದಾಂಡು ಹಿಡಿದರೆ ಚೆಂಡು ಎಷ್ಟು ದೂರ ಹೋದೀತೆಂದು ಹೇಳಬರುತ್ತಿರಲಿಲ್ಲ. ಪೈರೇಟ್ಸ್ ತಂಡವು ಪರಸ್ಥಳಕ್ಕೆ ಹೋದ ದಿನಗಳಲ್ಲಿ ಗ್ರೇಸ್ ತಂಡವು ಫೋರ್ಬ್ಸ್ ಫೀಲ್ಡನ್ನು ಬಾಡಿಗೆಗೆ ಹಿಡಿದು ಆಡುತ್ತಿತ್ತು. ಅದೇ ಹುಲ್ಲು, ಅದೇ ನೆಲೆಗಳು, ಅದೇ ಊರಿನ ಪ್ರೇಕ್ಷಕರು. ಆದರೆ ಊರಿನ ಅತಿಶ್ರೇಷ್ಠ ದಾಂಡಿಗನು ಊರಿನ ತಂಡದ ಅಂಗಿಯನ್ನು ಒಮ್ಮೆಯೂ ತೊಡಲಾಗಲಿಲ್ಲ. ಆ ವರ್ಷಗಳಲ್ಲಿ ಪೈರೇಟ್ಸ್ ತಂಡಕ್ಕೆ ಒಂದು ವಿಶ್ವವಿಜಯವೂ ದೊರೆಯಲಿಲ್ಲವೆಂಬುದನ್ನು ನೆನೆದರೆ, ಮುಚ್ಚಿದ ಬಾಗಿಲು ಹೊರಗಿದ್ದವನನ್ನು ಮಾತ್ರವಲ್ಲದೆ ಒಳಗಿದ್ದವರನ್ನೂ ಬಡವರನ್ನಾಗಿಸಿತೆಂದು ಹೇಳಬೇಕಾಗುತ್ತದೆ.

ಗಿಬ್ಸನ್ 1947ರ ಜನವರಿ 20ರಂದು, ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನು. ಅದಾದ ಮೂರು ತಿಂಗಳೊಳಗೆ, ಏಪ್ರಿಲ್ 15ರಂದು, ಬ್ರೂಕ್ಲಿನ್ ನಗರದ ತಂಡದಲ್ಲಿ ಜಾಕಿ ರಾಬಿನ್ಸನ್ ಆಡಲಿಳಿದು ಆ ಕಟ್ಟಳೆಯನ್ನು ಮುರಿದನು. ಗಿಬ್ಸನ್ನನ ಸಮಾಧಿಗೆ 1975ರವರೆಗೆ ಗುರುತಿನ ಕಲ್ಲೂ ಇರಲಿಲ್ಲ. 1972ರಲ್ಲಿ ಅವನ ಹೆಸರು ಕೀರ್ತಿಮಂದಿರ ಸೇರಿತು. 2024ರಲ್ಲಿ ನೀಗ್ರೋ ಲೀಗುಗಳ ಅಂಕಿಅಂಶಗಳನ್ನು ಪ್ರಧಾನ ಲೀಗುಗಳ ಅಧಿಕೃತ ದಾಖಲೆಯಲ್ಲಿ ಸೇರಿಸಿದಾಗ, ಒಟ್ಟು ವೃತ್ತಿಜೀವನದ ಸರಾಸರಿಯಲ್ಲಿ 0.372 ಪಡೆದ ಗಿಬ್ಸನ್ ಟೈ ಕಾಬ್‌ನನ್ನೂ ಹಿಂದಿಕ್ಕಿ ಮೊದಲಿಗನೆಂದು ಘೋಷಿತನಾದನು. ಈ ನ್ಯಾಯ ಮರಣಾನಂತರ ಎಪ್ಪತ್ತೇಳು ವರ್ಷಕ್ಕೆ ಬಂದಿತು.

ಬಾಗಿಲು ತೆರೆದ ಕಾಲ

1947ರಲ್ಲಿ ರಾಬಿನ್ಸನ್ ಎಲ್ಲೆಡೆ ನಿಂದೆ ಬೆದರಿಕೆಗಳನ್ನು ಎದುರಿಸುತ್ತಿದ್ದಾಗ, ಪೈರೇಟ್ಸ್ ಪರವಾಗಿ ಆ ಒಂದು ವರ್ಷ ಆಡಿದ ಹ್ಯಾಂಕ್ ಗ್ರೀನ್‌ಬರ್ಗ್ ಅವನಿಗೆ ಮೈದಾನದಲ್ಲಿಯೇ ಧೈರ್ಯದ ಮಾತು ಹೇಳಿದನು. ಯೆಹೂದ್ಯನಾದ ಗ್ರೀನ್‌ಬರ್ಗ್ ತಾನೂ ಅಂಥ ನಿಂದೆಯನ್ನುಂಡವನು. ನೊಂದವನೇ ನೊಂದವನ ಅಳಲನ್ನು ಬಲ್ಲ.

ಆ ಕಾಲದಲ್ಲಿ ರಾಲ್ಫ್ ಕೈನರ್ ಎಂಬ ದಾಂಡಿಗನು 1946ರಿಂದ 1952ರವರೆಗೆ ಸತತ ಏಳು ವರ್ಷ ಹೋಮ್ ರನ್‌ಗಳಲ್ಲಿ ಲೀಗಿನ ಮೊದಲ ಸ್ಥಾನವನ್ನು ಒಬ್ಬನೇ ಇಲ್ಲವೆ ಇತರರೊಡನೆ ಸಮವಾಗಿ ಪಡೆದನು. ಆದರೂ 1952ರಲ್ಲಿ ತಂಡವು 42 ಪಂದ್ಯಗಳನ್ನು ಗೆದ್ದು 112ರಲ್ಲಿ ಸೋತಿತು. ಒಬ್ಬನ ಪ್ರತಿಭೆಯಿಂದ ತಂಡವಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ವಿರಳ.

ರಾಬಿನ್ಸನ್ನನನ್ನು ಬ್ರೂಕ್ಲಿನ್ನಿಗೆ ಕರೆತಂದಿದ್ದ ಬ್ರಾಂಚ್ ರಿಕಿ ಎಂಬ ಆಡಳಿತಗಾರರು ಈ ವೇಳೆಗೆ ಪಿಟ್ಸ್‌ಬರ್ಗಿನ ಹೊಣೆ ಹೊತ್ತಿದ್ದರು. 1954ರಲ್ಲಿ ಕರ್ಟ್ ರಾಬರ್ಟ್ಸ್ ಪೈರೇಟ್ಸ್ ತಂಡದ ಪ್ರಥಮ ಕಪ್ಪು ಆಟಗಾರನಾದನು. ಅದೇ ವರ್ಷದ ನವೆಂಬರಿನಲ್ಲಿ ಬ್ರೂಕ್ಲಿನ್ ತಂಡವು ತನ್ನ ಕೆಳದರ್ಜೆಯ ತಂಡವೊಂದರಲ್ಲಿ ಇರಿಸಿದ್ದ ಪೋರ್ಟೊರಿಕೋ ದ್ವೀಪದ ಯುವಕನೊಬ್ಬನನ್ನು ಲೀಗಿನ ನಿಯಮದಂತೆ ಕೇವಲ ನಾಲ್ಕು ಸಾವಿರ ಡಾಲರಿಗೆ ಪೈರೇಟ್ಸ್ ಪಡೆದುಕೊಂಡಿತು. ಅವನೇ ರಾಬರ್ಟೋ ಕ್ಲೆಮೆಂಟೆ.

ಸೋಲಿನಲ್ಲಿಯೂ ಗೆಲುವಿನಲ್ಲಿಯೂ: ಹ್ಯಾಡಿಕ್ಸ್ ಮತ್ತು ಮ್ಯಾಜರಾಸ್ಕಿ

ಕ್ಲೆಮೆಂಟೆಯ ವಿಚಾರಕ್ಕೆ ಮುನ್ನ ಅವನ ಇಬ್ಬರು ಸಂಗಡಿಗರನ್ನು ಸ್ಮರಿಸುವುದು ಯುಕ್ತ. 1959ರ ಮೇ 26ರಂದು ಹಾರ್ವೆ ಹ್ಯಾಡಿಕ್ಸ್ ಎಂಬ ಎಸೆತಗಾರನು ಮಿಲ್ವಾಕಿ ತಂಡದ ಮೂವತ್ತಾರು ದಾಂಡಿಗರನ್ನು ಸಾಲಾಗಿ ಔಟ್ ಮಾಡಿದನು. ಹನ್ನೆರಡು ಸರದಿಗಳವರೆಗೆ ಒಬ್ಬನೂ ಮೊದಲ ನೆಲೆಯನ್ನು ಮುಟ್ಟಲಿಲ್ಲ. ಆದರೆ ಅವನ ತಂಡವೂ ಓಟ ಗಳಿಸಲಿಲ್ಲ. ಹದಿಮೂರನೆಯ ಸರದಿಯಲ್ಲಿ ಸಂಗಡಿಗನೊಬ್ಬನ ತಪ್ಪಿನಿಂದ ಎದುರಾಳಿ ನೆಲೆ ಸೇರಿದನು; ಕೊನೆಗೆ ಹ್ಯಾಡಿಕ್ಸ್ ಆ ಪಂದ್ಯವನ್ನು ಒಂದು ಓಟದಿಂದ ಕಳೆದುಕೊಂಡನು. ಪ್ರಯತ್ನದ ಪರಿಪೂರ್ಣತೆ ಬೇರೆ, ಫಲಪ್ರಾಪ್ತಿ ಬೇರೆ ಎಂಬುದನ್ನು ಆ ಒಂದು ರಾತ್ರಿ ಮನಗಾಣಿಸಿತು.

ಮರುವರ್ಷ ಇದಕ್ಕೆ ವಿರುದ್ಧವಾದುದು ಘಟಿಸಿತು. 1960ರ ವರ್ಲ್ಡ್ ಸೀರೀಸಿನಲ್ಲಿ ನ್ಯೂಯಾರ್ಕ್ ಯಾಂಕೀಸ್ ಒಟ್ಟು 55 ಓಟಗಳನ್ನೂ ಪೈರೇಟ್ಸ್ ಕೇವಲ 27 ಓಟಗಳನ್ನೂ ಗಳಿಸಿದವು. ಆದರೆ ಯಾಂಕೀಸ್ ಗೆದ್ದ ಮೂರು ಪಂದ್ಯಗಳು ಭಾರೀ ಅಂತರದವು. ಪೈರೇಟ್ಸ್ ಗೆದ್ದವು ಅಲ್ಪ ಅಂತರದವು. ಅಕ್ಟೋಬರ್ 13ರಂದು ನಡೆದ ನಿರ್ಣಾಯಕ ಏಳನೆಯ ಪಂದ್ಯವು 9–9ರಲ್ಲಿ ಸಮವಾಗಿದ್ದಾಗ ಬಿಲ್ ಮ್ಯಾಜರಾಸ್ಕಿ ಕೊನೆಯ ಸರದಿಯಲ್ಲಿ ಚೆಂಡನ್ನು ಎಡಬದಿಯ ಗೋಡೆಯಾಚೆಗೆ ಹೊಡೆದನು. ವರ್ಲ್ಡ್ ಸೀರೀಸಿನ ಏಳನೆಯ ಪಂದ್ಯವು ಇಂಥ ಹೋಮ್ ರನ್ನಿನಿಂದ ಮುಕ್ತಾಯವಾದುದು ಅದೊಂದೇ ಸಲ. ಮ್ಯಾಜರಾಸ್ಕಿ ಗಣಿ ಕಾರ್ಮಿಕನ ಮಗ. ಅವನ ನಿಜವಾದ ಹಿರಿಮೆ ಇದ್ದುದು ದಾಂಡಿನಲ್ಲಲ್ಲ, ಚೆಂಡನ್ನು ಕೈಗೆ ಬಂದ ಕ್ಷಣದಲ್ಲಿಯೇ ತಿರುಗಿಸಿ ಎಸೆಯುವ ಚಾಕಚಕ್ಯತೆಯಲ್ಲಿ. ಆ ಕೆಲಸವನ್ನು ಗುರುತಿಸಿ ಕೀರ್ತಿಮಂದಿರವು ಅವನನ್ನು ಬರಮಾಡಿಕೊಂಡುದು 2001ರಲ್ಲಿ. ಅಂದು ಭಾಷಣಕ್ಕೆ ನಿಂತ ಅವನು ಕಣ್ಣೀರು ತುಂಬಿ ಮಾತು ಮುಂದುವರಿಸಲಾರದೆ ಕುಳಿತನು.

ರಾಬರ್ಟೋ ಕ್ಲೆಮೆಂಟೆ

1934ರ ಆಗಸ್ಟ್ 18ರಂದು ಪೋರ್ಟೊರಿಕೋ ದ್ವೀಪದ ಕರೋಲಿನಾ ಎಂಬಲ್ಲಿ ಕ್ಲೆಮೆಂಟೆ ಜನಿಸಿದರು. ಕಬ್ಬಿನ ಗದ್ದೆಗಳಲ್ಲಿ ಮೇಸ್ತ್ರಿಯಾಗಿದ್ದವರು ತಂದೆ. ಮಕ್ಕಳಲ್ಲಿ ಇವರೇ ಕಿರಿಯರು. 1955ರಲ್ಲಿ ಪಿಟ್ಸ್‌ಬರ್ಗಿಗೆ ಬಂದಾಗ ಅವರಿಗೆ ಎರಡು ಬಗೆಯ ಅಡ್ಡಿಗಳಿದ್ದವು. ಮೈಬಣ್ಣ ಕಪ್ಪಾದುದರಿಂದ ತರಬೇತಿಗೆಂದು ಫ್ಲಾರಿಡಾ ಪ್ರಾಂತ್ಯಕ್ಕೆ ಹೋದಾಗ ಬಿಳಿಯ ಸಂಗಡಿಗರಿದ್ದ ಹೋಟೆಲಿನಲ್ಲಿ ಅವರಿಗೆ ವಾಸ್ತವ್ಯವಿಲ್ಲ. ಮಾತೃಭಾಷೆ ಸ್ಪ್ಯಾನಿಷ್ ಆದುದರಿಂದ ಅವರ ಇಂಗ್ಲಿಷಿನ ಉಚ್ಚಾರಣೆಯನ್ನು ಪತ್ರಿಕೆಗಳು ಇದ್ದಂತೆಯೇ ಅಚ್ಚು ಹಾಕಿ ನಗೆಗೀಡುಮಾಡುತ್ತಿದ್ದವು. ತಂದೆತಾಯಿ ಇಟ್ಟ ರಾಬರ್ಟೋ ಎಂಬ ಹೆಸರನ್ನು ಬಿಟ್ಟು ಬಾಬ್ ಎಂದು ಬರೆಯುತ್ತಿದ್ದವು. ಕ್ಲೆಮೆಂಟೆ ಆ ಹೆಸರನ್ನು ಒಪ್ಪಲಿಲ್ಲ. ತಮ್ಮ ಹೆಸರು ರಾಬರ್ಟೋ ಎಂದೇ ಹೇಳುತ್ತ ಬಂದರು.

ಮೈದಾನದ ಬಲಬದಿಯ ಹೊರವಲಯ ಅವರ ಸ್ಥಾನ. ಅಲ್ಲಿಂದ ಅವರು ಎಸೆದ ಚೆಂಡು ಮೂರನೆಯ ನೆಲೆಗೆ ನೇರವಾಗಿ ಬಂದು ಬೀಳುತ್ತಿತ್ತು. ಚೆಂಡು ತಡೆಯುವ ಕೌಶಲಕ್ಕೆ ಕೊಡುವ ಗೋಲ್ಡ್ ಗ್ಲವ್ ಪುರಸ್ಕಾರ ಅವರಿಗೆ ಹನ್ನೆರಡು ಸಲ ಬಂದಿತು. ನಾಲ್ಕು ವರ್ಷ ಸರಾಸರಿಯಲ್ಲಿ ಲೀಗಿನ ಮೊದಲಿಗರಾದರು. 1966ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರರೆಂಬ ಗೌರವ ಪಡೆದರು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದಾಗ, ಅಂತ್ಯಕ್ರಿಯೆ ಮುಗಿಯುವವರೆಗೆ ಆಡಲಾರೆವೆಂದು ಕ್ಲೆಮೆಂಟೆ ಮತ್ತು ತಂಡದ ಕಪ್ಪು ಆಟಗಾರರು ನಿರ್ಧರಿಸಿದರು. ಬಿಳಿಯ ಸಂಗಡಿಗರೂ ಜೊತೆಗೂಡಿದರು. ಪಂದ್ಯ ಮುಂದಕ್ಕೆ ಹೋಯಿತು.

1971ರ ಸೆಪ್ಟೆಂಬರ್ 1ರಂದು ಫಿಲಡೆಲ್ಫಿಯಾ ತಂಡದೆದುರು ವ್ಯವಸ್ಥಾಪಕ ಡ್ಯಾನಿ ಮರ್ಟಾ ಇಳಿಸಿದ ಒಂಬತ್ತು ಜನರೂ ಕಪ್ಪು ಜನಾಂಗದವರು ಅಥವಾ ಲ್ಯಾಟಿನ್ ಅಮೆರಿಕದವರಾಗಿದ್ದರು. ಪ್ರಧಾನ ಲೀಗಿನ ಚರಿತ್ರೆಯಲ್ಲಿ ಇದು ಪ್ರಥಮ. ವಿಶೇಷವೆಂದರೆ ಆಟ ಆರಂಭವಾಗುವವರೆಗೆ ಆಟಗಾರರಲ್ಲಿ ಅನೇಕರು ಇದನ್ನು ಗಮನಿಸಿಯೇ ಇರಲಿಲ್ಲ. ಕೇಳಿದವರಿಗೆ ಮರ್ಟಾ, ತನ್ನಲ್ಲಿರುವ ಉತ್ತಮ ಒಂಬತ್ತು ಜನರನ್ನು ಆಡಿಸಿದೆನೆಂದಷ್ಟೇ ಉತ್ತರಿಸಿದನು. ಅಂದು ಪೈರೇಟ್ಸ್ 10–7ರಿಂದ ಗೆದ್ದಿತು. ಜಾಶ್ ಗಿಬ್ಸನ್ನನಿಗೆ ಬಾಗಿಲು ಮುಚ್ಚಿದ್ದ ಊರಿನಲ್ಲಿಯೇ, ಅವನು ಕಣ್ಮುಚ್ಚಿ ಇಪ್ಪತ್ತನಾಲ್ಕು ವರ್ಷಗಳಲ್ಲಿ, ಇದು ಯಾರ ಗಮನಕ್ಕೂ ಬಾರದಷ್ಟು ಸಹಜವಾಗಿ ನಡೆಯಿತು.

ಆ ವರ್ಷದ ವರ್ಲ್ಡ್ ಸೀರೀಸಿನಲ್ಲಿ ಬಾಲ್ಟಿಮೋರ್ ತಂಡಕ್ಕೆ ಮೊದಲೆರಡು ಪಂದ್ಯಗಳನ್ನು ಸೋತ ಪೈರೇಟ್ಸ್ ಏಳನೆಯ ಪಂದ್ಯದಲ್ಲಿ ವಿಜಯಿಯಾಯಿತು. ಕ್ಲೆಮೆಂಟೆ 0.414 ಸರಾಸರಿಯಿಂದ ಪಂದ್ಯಮಾಲೆಯ ಶ್ರೇಷ್ಠ ಆಟಗಾರರೆನಿಸಿದರು. ದೂರದರ್ಶನದವರು ಮಾತನಾಡಿಸಿದಾಗ ಅವರು ಮೊದಲು ಸ್ಪ್ಯಾನಿಷ್ ಭಾಷೆಯಲ್ಲಿ ತಮ್ಮ ತಂದೆತಾಯಿಯರ ಆಶೀರ್ವಾದ ಬೇಡಿದರು. ಯಾವ ಭಾಷೆಯ ಛಾಯೆಗಾಗಿ ಹಾಸ್ಯಕ್ಕೊಳಗಾಗಿದ್ದರೋ ಆ ಭಾಷೆಯೇ ಅಂದು ಅಮೆರಿಕದ ಮನೆಮನೆಗಳಲ್ಲಿ ಕೇಳಿಬಂದಿತು.

1972ರ ಸೆಪ್ಟೆಂಬರ್ 30ರಂದು ಅವರು ತಮ್ಮ ಮೂರು ಸಾವಿರದ ಹಿಟ್ ಪಡೆದರು. ಅದೇ ವರ್ಷದ ಡಿಸೆಂಬರ್ 23ರಂದು ಮಧ್ಯ ಅಮೆರಿಕದ ನಿಕರಾಗುವ ದೇಶದ ರಾಜಧಾನಿ ಮನಾಗ್ವಾ ಭೂಕಂಪಕ್ಕೆ ತುತ್ತಾಗಿ ಸಾವಿರಾರು ಜನ ಮಡಿದರು. ಹಿಂದಿನ ತಿಂಗಳಷ್ಟೇ ಪೋರ್ಟೊರಿಕೋದ ಹವ್ಯಾಸಿ ತಂಡದೊಡನೆ ಕ್ಲೆಮೆಂಟೆ ಅಲ್ಲಿಗೆ ಹೋಗಿ ಬಂದಿದ್ದರು. ಹಬ್ಬದ ದಿನಗಳನ್ನು ಬದಿಗಿಟ್ಟು ಅವರು ಆಹಾರ, ಬಟ್ಟೆ, ಔಷಧಿಗಳ ಸಂಗ್ರಹಕ್ಕೆ ನಿಂತರು. ಕಳುಹಿಸಿದ ಸಾಮಗ್ರಿ ಅಲ್ಲಿನ ಅಧಿಕಾರದಲ್ಲಿದ್ದವರ ಕೈಸೇರುತ್ತಿದೆ, ಸಂತ್ರಸ್ತರಿಗೆ ಮುಟ್ಟುತ್ತಿಲ್ಲ ಎಂಬ ವರದಿಗಳು ಬಂದವು. ತಾವೇ ಜೊತೆಗೆ ಹೋದರೆ ಹಾಗಾಗಲಾರದೆಂದು ನಿಶ್ಚಯಿಸಿ ಡಿಸೆಂಬರ್ 31ರ ರಾತ್ರಿ ಸಾಮಗ್ರಿ ತುಂಬಿದ ವಿಮಾನವನ್ನೇರಿದರು. ಅತಿಯಾದ ಭಾರ ಹೊತ್ತ ಆ ಹಳೆಯ ವಿಮಾನ ಸ್ಯಾನ್ ವಾನ್ ನಗರದ ತೀರದಲ್ಲಿಯೇ ಸಮುದ್ರಕ್ಕೆ ಬಿದ್ದಿತು. ಒಳಗಿದ್ದ ಐವರೂ ಮಡಿದರು. ಕ್ಲೆಮೆಂಟೆಯವರ ದೇಹ ದೊರೆಯಲೇ ಇಲ್ಲ. ಊರಿನಲ್ಲಿ ಶ್ರದ್ಧಾಂಜಲಿ ಸಭೆ ಸೇರಿದ್ದಾಗ ಸಂಗಡಿಗ ಮ್ಯಾನಿ ಸಾಂಗಿಯೆನ್ ಅಲ್ಲಿಗೆ ಬರಲಿಲ್ಲ. ಮುಳುಗುಗಾರರೊಡನೆ ಕಡಲಿಗಿಳಿದು ಗೆಳೆಯನನ್ನು ಹುಡುಕುತ್ತಿದ್ದನು.

ನಿವೃತ್ತರಾಗಿ ಐದು ವರ್ಷ ಕಳೆಯದೆ ಯಾರಿಗೂ ಕೀರ್ತಿಮಂದಿರದ ಪ್ರವೇಶವಿಲ್ಲವೆಂಬ ನಿಯಮವನ್ನು ಬದಿಗಿಟ್ಟು 1973ರಲ್ಲಿಯೇ ಅವರನ್ನು ಸೇರಿಸಲಾಯಿತು. ಅಲ್ಲಿ ಸ್ಥಾನ ಪಡೆದ ಲ್ಯಾಟಿನ್ ಅಮೆರಿಕದ ಮೊದಲ ಆಟಗಾರರು ಅವರು. ಅವರ ಹಿಟ್‌ಗಳ ಲೆಕ್ಕ ಸರಿಯಾಗಿ 3,000ಕ್ಕೇ ನಿಂತಿದೆ. ಪ್ರತಿವರ್ಷ ಆಟದ ಸೌಜನ್ಯದೊಡನೆ ಸಮಾಜಸೇವೆಯನ್ನೂ ಮಾಡಿದ ಆಟಗಾರನಿಗೆ ಅವರ ಹೆಸರಿನ ಪ್ರಶಸ್ತಿ ನೀಡಲಾಗುತ್ತದೆ. ಬಡಮಕ್ಕಳಿಗಾಗಿ ಕ್ರೀಡಾನಗರವೊಂದನ್ನು ಕಟ್ಟಬೇಕೆಂಬ ಅವರ ಸಂಕಲ್ಪವೂ ಅವರ ಮರಣಾನಂತರ ಕರೋಲಿನಾದಲ್ಲಿ ರೂಪುತಳೆಯಿತು. ಪಿಟ್ಸ್‌ಬರ್ಗಿನಲ್ಲಿ 2001ರಲ್ಲಿ ಪ್ರಾರಂಭವಾದ ಹೊಸ ಕ್ರೀಡಾಂಗಣದ ಬಲಬದಿಯ ಗೋಡೆಯ ಎತ್ತರ 21 ಅಡಿ. ಅವರ ಅಂಗಿಯ ಸಂಖ್ಯೆಯೂ 21.

ವಿಲ್ಲಿ ಸ್ಟಾರ್ಜೆಲ್ ಮತ್ತು ಒಂದೇ ಕುಟುಂಬ

ಕ್ಲೆಮೆಂಟೆಯವರ ನಂತರ ತಂಡದ ಹಿರಿತನ ವಿಲ್ಲಿ ಸ್ಟಾರ್ಜೆಲ್ ಅವರಿಗೆ ಬಂದಿತು. 1959ರಲ್ಲಿ ಕೆಳದರ್ಜೆಯ ಲೀಗಿನಲ್ಲಿ ಆಡುತ್ತಿದ್ದಾಗ ಟೆಕ್ಸಾಸ್ ಪ್ರಾಂತ್ಯದ ಪ್ಲೇನ್‌ವ್ಯೂ ಎಂಬ ಊರಿನಲ್ಲಿ ಒಬ್ಬನು ಬಂದೂಕು ಹಿಡಿದು, ಅಂದು ಆಡಿದರೆ ಕೊಲ್ಲುವೆನೆಂದು ಈ ಹತ್ತೊಂಬತ್ತರ ಹುಡುಗನನ್ನು ಬೆದರಿಸಿದ್ದನು. ಸ್ಟಾರ್ಜೆಲ್ ಆಡಿದರು. 1962ರಿಂದ 1982ರವರೆಗೆ ಪೈರೇಟ್ಸ್ ಒಂದೇ ತಂಡಕ್ಕೆ ಆಡಿ 475 ಹೋಮ್ ರನ್‌ಗಳನ್ನು ಗಳಿಸಿದರು. 1979ರಲ್ಲಿ ಉತ್ತಮವಾಗಿ ಆಡಿದ ಸಂಗಡಿಗರ ಟೋಪಿಗೆ ಚಿನ್ನದ ಬಣ್ಣದ ಪುಟ್ಟ ನಕ್ಷತ್ರಗಳನ್ನು ಅಂಟಿಸಲು ಕೊಡುತ್ತಿದ್ದರು. ಲಕ್ಷಾಂತರ ಡಾಲರ್ ಗಳಿಸುವವರೂ ಶಾಲಾಬಾಲಕರಂತೆ ಆ ನಕ್ಷತ್ರಕ್ಕಾಗಿ ಹಂಬಲಿಸಿದರು. ಆ ವರ್ಷ ಒಂದು ಜನಪ್ರಿಯ ಗೀತೆಯನ್ನು ತಂಡವು ತನ್ನದಾಗಿಸಿಕೊಂಡಿತು. ತಾವೆಲ್ಲರೂ ಒಂದೇ ಕುಟುಂಬದವರೆಂಬುದು ಅದರ ಆಶಯ.

ವರ್ಲ್ಡ್ ಸೀರೀಸಿನಲ್ಲಿ ಮತ್ತೆ ಬಾಲ್ಟಿಮೋರ್ ಎದುರಾಯಿತು. ಮೂರು ಪಂದ್ಯ ಸೋತು ಒಂದನ್ನೇ ಗೆದ್ದಿದ್ದ ಸ್ಥಿತಿಯಲ್ಲಿ, ಐದನೆಯ ಪಂದ್ಯದ ಬೆಳಗ್ಗೆ ವ್ಯವಸ್ಥಾಪಕ ಚಕ್ ಟ್ಯಾನರ್ ಅವರ ತಾಯಿ ತೀರಿಕೊಂಡರು. ಟ್ಯಾನರ್ ತಂಡವನ್ನು ಬಿಟ್ಟು ಹೋಗಲಿಲ್ಲ. ತಂಡವು ಉಳಿದ ಮೂರನ್ನೂ ಗೆದ್ದಿತು. ಮೂವತ್ತೊಂಬತ್ತರ ಸ್ಟಾರ್ಜೆಲ್ ಅಂತಿಮ ಪಂದ್ಯದಲ್ಲಿ ಹೋಮ್ ರನ್ ಹೊಡೆದು ಪಂದ್ಯಮಾಲೆಯ ಶ್ರೇಷ್ಠರೆನಿಸಿದರು. ಕಪ್ಪು ಜನಾಂಗದವರನ್ನು ಹೆಚ್ಚಾಗಿ ಬಾಧಿಸುವ ಕುಡಗೋಲು ಕಣದ ರಕ್ತರೋಗದ ವಿರುದ್ಧ ಜನಜಾಗೃತಿಗೆ ಅವರು ಬಹಳವಾಗಿ ಶ್ರಮಿಸಿದರು. 2001ರ ಏಪ್ರಿಲ್ 9ರಂದು, ಹೊಸ ಕ್ರೀಡಾಂಗಣದಲ್ಲಿ ಪ್ರಥಮ ಲೀಗ್ ಪಂದ್ಯ ನಡೆಯಬೇಕಾಗಿದ್ದ ದಿನದ ಬೆಳಗ್ಗೆಯೇ, ಅವರು ನಿಧನರಾದರು.

ಅನಂತರದ ವರ್ಷಗಳು ಮತ್ತು ಇಬ್ಬರು ಭಾರತೀಯರು

ಈ ಚರಿತ್ರೆಯಲ್ಲಿ ಕಲೆಗಳೂ ಇವೆ. 1978ರ ಅತ್ಯಮೂಲ್ಯ ಆಟಗಾರ ಡೇವ್ ಪಾರ್ಕರ್ 1985ರ ಮಾದಕವಸ್ತು ಮೊಕದ್ದಮೆಯಲ್ಲಿ ಸಾಕ್ಷಿ ನುಡಿದು ತನ್ನ ವ್ಯಸನವನ್ನು ಒಪ್ಪಿಕೊಳ್ಳಬೇಕಾಯಿತು. ಬಹುಕಾಲ ತಡೆದು ಕೀರ್ತಿಮಂದಿರವು ಅವನನ್ನು ಆರಿಸಿತು; ಆದರೆ 2025ರ ಜುಲೈ ತಿಂಗಳ ಸಮಾರಂಭಕ್ಕೆ ಒಂದು ತಿಂಗಳಿರುವಾಗ ಅವನು ತೀರಿಕೊಂಡನು. 1990 ಮತ್ತು 1992ರಲ್ಲಿ ಶ್ರೇಷ್ಠನೆನಿಸಿದ ಬ್ಯಾರಿ ಬಾಂಡ್ಸ್ ಬೇರೆ ತಂಡಕ್ಕೆ ಹೋದ ಮೇಲೆ 1993ರಿಂದ 2012ರವರೆಗೆ ಸತತ ಇಪ್ಪತ್ತು ವರ್ಷ ಪೈರೇಟ್ಸ್ ಗೆಲುವಿಗಿಂತ ಸೋಲನ್ನೇ ಹೆಚ್ಚಾಗಿ ಕಂಡಿತು. 2013ರಲ್ಲಿ ಆಂಡ್ರೂ ಮೆಕಚನ್ ಎಂಬ ಆಟಗಾರನ ಮುಂದಾಳುತನದಲ್ಲಿ ಆ ದುರ್ದಶೆ ಕೊನೆಗೊಂಡಿತು.

ಆ ಸೋಲಿನ ವರ್ಷಗಳಲ್ಲಿಯೇ ಭಾರತಕ್ಕೆ ಸಂಬಂಧಿಸಿದ ಘಟನೆಯೊಂದು ನಡೆಯಿತು. 2008ರಲ್ಲಿ ಭಾರತದಲ್ಲಿ ಏರ್ಪಟ್ಟ ಚೆಂಡೆಸೆತದ ಸ್ಪರ್ಧೆಯೊಂದರಲ್ಲಿ ಉತ್ತರಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಇಬ್ಬರು ಭರ್ಜಿ ಎಸೆತದ ಕ್ರೀಡಾಪಟುಗಳು ಬೆಳಕಿಗೆ ಬಂದರು. ಗ್ರಾಮೀಣ ಬಡ ಕುಟುಂಬಗಳ ಈ ಹುಡುಗರು ಅದುವರೆಗೆ ಬೇಸ್‌ಬಾಲ್ ಆಡಿದವರೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೆಲವು ತಿಂಗಳ ತರಬೇತಿಯ ನಂತರ ಆ ವರ್ಷದ ನವೆಂಬರಿನಲ್ಲಿ ಅವರನ್ನು ಒಪ್ಪಂದ ಮಾಡಿಕೊಂಡ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್. ಇಬ್ಬರೂ ಅದರ ಕಿರಿಯ ತಂಡದಲ್ಲಿ ಆಡಿದರು. ಪ್ರಧಾನ ಲೀಗಿಗೆ ಏರಲಾಗಲಿಲ್ಲ. ಆದರೂ ಅಮೆರಿಕದ ವೃತ್ತಿಪರ ಬೇಸ್‌ಬಾಲ್ ತಂಡದೊಡನೆ ಒಪ್ಪಂದಕ್ಕೆ ಸಹಿ ಹಾಕಿದ ಮೊದಲ ಭಾರತೀಯರೆಂಬ ಹೆಸರು ಅವರದಾಯಿತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಪ್ರತಿಭೆ ಹುಟ್ಟುವುದಕ್ಕೆ ಸ್ಥಳದ ನಿಯಮವಿಲ್ಲ. ಅದು ಗಣಿಯ ಸುರಂಗದಲ್ಲಿಯೂ ಹುಟ್ಟೀತು, ಕಬ್ಬಿನ ಗದ್ದೆಯಲ್ಲಿಯೂ ಹುಟ್ಟೀತು. ಅದು ಬೆಳೆಯುವುದಕ್ಕೆ ಮಾತ್ರ ಯಾರೋ ಒಬ್ಬರು ಬಾಗಿಲು ತೆರೆಯಬೇಕಾಗುತ್ತದೆ. ವ್ಯಾಗ್ನರನಿಗೆ ತೆರೆದ ಬಾಗಿಲು ಗಿಬ್ಸನ್ನನಿಗೆ ತೆರೆಯಲಿಲ್ಲ. ಅವನ ಯೋಗ್ಯತೆಯಲ್ಲಿ ಕೊರತೆಯಿದ್ದುದರಿಂದಲ್ಲ, ಬಾಗಿಲ ಬಳಿ ನಿಂತವರ ಮನಸ್ಸಿನಲ್ಲಿ ಕೊರತೆಯಿದ್ದುದರಿಂದ. ದಾಖಲೆಯ ಪುಸ್ತಕವನ್ನು 2024ರಲ್ಲಿ ತಿದ್ದಬಹುದು. ಬದುಕಿದ್ದಾಗ ಕೊಡದಿದ್ದ ಅವಕಾಶವನ್ನು ಯಾವ ತಿದ್ದುಪಡಿಯೂ ಹಿಂದಿರುಗಿಸದು.

ಇನ್ನೊಂದು ಅಂಶವೂ ಅಷ್ಟೇ ಮುಖ್ಯ. ಒಳಗೆ ಬಂದವನ ಹಿರಿಮೆ ಒಳಗೆ ಬಂದುದರಲ್ಲಿಯೇ ಮುಗಿಯುವುದಿಲ್ಲ. ಕ್ಲೆಮೆಂಟೆಯವರಿಗಿಂತ ಹೆಚ್ಚು ಹಿಟ್ ಪಡೆದವರು ಹಲವರಿದ್ದಾರೆ. ಆದರೆ ಅವರ ಹೆಸರು ಶಾಲೆಗಳಿಗೂ ಸೇತುವೆಗೂ ಬಂದುದು ಆ ಡಿಸೆಂಬರ್ ರಾತ್ರಿ ಅವರು ಕೈಗೊಂಡ ಪ್ರಯಾಣದಿಂದ. ಅದರಲ್ಲಿ ಅವರು ಒಯ್ಯುತ್ತಿದ್ದುದು ಅಪರಿಚಿತರ ಹಸಿವಿಗೆ ಬೇಕಾದ ಅನ್ನ.

ವಿದ್ಯಾಸಂಸ್ಥೆಯೂ ಒಂದು ಬಾಗಿಲೇ. ಅದನ್ನು ಕಟ್ಟಲು ನೆರವಾದವರು, ಅದರ ಬಳಿ ನಿಂತು ಮಕ್ಕಳನ್ನು ಬರಮಾಡಿಕೊಳ್ಳುವ ಉಪಾಧ್ಯಾಯರು, ಅದರ ಮೂಲಕ ಹಾದು ಹೋದ ಹಳೆಯ ವಿದ್ಯಾರ್ಥಿಗಳು ಈ ಮೂರು ವರ್ಗದವರಿಗೂ ದೂರದ ಉಕ್ಕಿನ ನಗರವೊಂದರ ಆಟಗಾರರ ಈ ವೃತ್ತಾಂತದಲ್ಲಿ ಮನನಯೋಗ್ಯವಾದುದು ಇದೆ. ಆಟದ ತರಗತಿಯಲ್ಲಿ ಮಕ್ಕಳಿಗೆ ಗೆದ್ದವರ ಪಟ್ಟಿಯನ್ನು ಹೇಳಿಕೊಡುವಾಗ, ಆಡಲು ಅವಕಾಶವೇ ದೊರೆಯದವರ ಹೆಸರನ್ನೂ ಜೊತೆಗೆ ಹೇಳಿಕೊಟ್ಟರೆ ಆ ಪಾಠ ಪೂರ್ಣವಾಗುತ್ತದೆ.